ನೊರೆ ಆರುವ ತನಕ

ನಮ್ಮ ಮನೆಯಲ್ಲಿ ಹಾಲಿನ ನೊರೆ ಆರುವುದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಇದನ್ನು ಹೇಳಿದರೆ ನಗುವವರೇ ಹೆಚ್ಚು. ದಿನಕ್ಕೆರಡು ಹೊತ್ತು ಎಮ್ಮೆ ಕರೆಯುವ ಮನೆಯಲ್ಲಿ ಅದು ಹೇಗೆ ಸಾಧ್ಯ ಎನ್ನುತ್ತಾರೆ. ಸಾಧ್ಯವಿತ್ತು, ಏಕೆಂದರೆ ಅಜ್ಜಿಯ ಕಟ್ಟಳೆ ಹಾಗಿತ್ತು. ಕೆಚ್ಚಲಿನಿಂದ ಪಾತ್ರೆಗೆ ಬಿದ್ದ ಹಾಲು ನೊರೆ ಆರುವ ಮೊದಲೇ ಒಳಗೆ ಹೋಗಬೇಕು, ಮೇಲೆ ಮುಚ್ಚಳ ಬೀಳಬೇಕು. ನೊರೆ ಎಂದರೆ ಹಾಲಿನ ಉಸಿರು, ಅದು ನಾಲ್ಕು ಜನರ ಎದುರು ಆರಿದರೆ ಮನೆಯ ಲಕ್ಷ್ಮಿಯೂ ಅದರ ಹಿಂದೆಯೇ ಹೊರಟುಬಿಡುತ್ತಾಳೆ ಎಂದು ಅಜ್ಜಿಗೆ ಅವಳ ಅತ್ತೆ ಹೇಳಿದ್ದಳಂತೆ. ಆ ಅತ್ತೆಗೆ ಯಾರು ಹೇಳಿದ್ದರೋ ನನಗೆ ಗೊತ್ತಿಲ್ಲ. ಕೊಟ್ಟಿಗೆಯಿಂದ ಅಡುಗೆಮನೆಗೆ ಅವ್ವ ಓಡುತ್ತಿದ್ದ ಓಟ ಮಾತ್ರ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಕೈಯಲ್ಲಿ ಪಾತ್ರೆ, ಇನ್ನೊಂದು ಕೈಯಲ್ಲಿ ಸೆರಗು, ಕಾಲಿಗೆ ಅಡ್ಡ ಬಂದ ಕೋಳಿಗೆ ಬೈಗುಳ. ಒಲೆಗಿಡಲು ಮುಚ್ಚಳ ತೆಗೆದಾಗ ನೊರೆ ಇರುತ್ತಿರಲಿಲ್ಲ. ಅದು ಎಲ್ಲಿ ಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ.

ನಾನು ಹೈಸ್ಕೂಲು ಮೆಟ್ಟಿಲು ಹತ್ತುವ ಮೊದಲೇ ಅಪ್ಪನೂ ಚಿಕ್ಕಪ್ಪನೂ ಬೇರೆಯಾದರು. ಗದ್ದೆಗೆ ನೀರು ಕಟ್ಟಲು ಯಾರು ಹೋಗಬೇಕೆಂಬ ಮಾತು ಎಲ್ಲಿಂದ ಎಲ್ಲಿಗೋ ಹೋಗಿ, ಊರಿನ ಹಿರಿಯರು ಬಂದು ನಮ್ಮ ಜಗಲಿಯ ಮೇಲೆ ಕೂರುವವರೆಗೆ ಬೆಳೆಯಿತು. ಅವರು ಗದ್ದೆ ಹಂಚಿದರು, ಕೋಣೆ ಹಂಚಿದರು, ಒರಳುಕಲ್ಲು ನಮಗೆ, ಬೀಸುಕಲ್ಲು ಅವರಿಗೆ ಎಂದರು. ಕೊನೆಗೆ ಉಳಿದದ್ದು ಚೆನ್ನಿ. ಆಗ ಹಾಲು ಕೊಡುತ್ತಿದ್ದ ಎಮ್ಮೆ ಅದೊಂದೇ. ಅದನ್ನು ಸೀಳಲಾಗುತ್ತದೆಯೇ? ಚಿಕ್ಕಪ್ಪನ ಹೆಂಡತಿ ರತ್ನ ಚಿಕ್ಕವ್ವನಿಗೆ ಬಾಣಂತನದಲ್ಲಿ ಜ್ವರ ಬಂದು ಎದೆಹಾಲು ಬತ್ತಿತ್ತು. ಅವಳ ಕೂಸಿಗೆ ಚೆನ್ನಿಯ ಹಾಲೇ ಗತಿ. ಅದಕ್ಕೇ ಹಿರಿಯರು, ಎಮ್ಮೆ ಇಬ್ಬರದ್ದೂ ಆಗಿರಲಿ, ಹಾಲನ್ನು ಕರೆದ ಕೂಡಲೇ ಇಬ್ಬರ ಕಣ್ಣೆದುರು ಚೊಂಬಿನಲ್ಲಿ ಅಳೆದು ಹಂಚಿಕೊಳ್ಳಿ ಎಂದರು. ಅಜ್ಜಿ ತನ್ನ ಕಟ್ಟಳೆ ಸೇರಿಸಿದಳು: ನೊರೆ ಆರುವುದರೊಳಗೆ. ಈ ಎರಡು ಮಾತು ಸೇರಿದರೆ ಏನಾಗುತ್ತದೆಂದು ಯಾವ ಹಿರಿಯನಿಗೂ ಹೊಳೆಯಲಿಲ್ಲ. ಅವ್ವ ದೊಡ್ಡ ಸೊಸೆ, ಆದ್ದರಿಂದ ಮೊದಲ ಚೊಂಬು ನಮ್ಮದು, ಮರುಚೊಂಬು ಚಿಕ್ಕವ್ವನದು. ಪಾತ್ರೆಯನ್ನು ಬಗ್ಗಿಸಿದಾಗ ಹಾಲು ಮುಂದಾಗಿ ಬೀಳುತ್ತದೆ, ನೊರೆ ಹಿಂದೆ ಅಂಟಿಕೊಂಡು ಕೊನೆಗೆ ಜಾರುತ್ತದೆ. ಕೊನೆಯ ಚೊಂಬು ಯಾವಾಗಲೂ ಚಿಕ್ಕವ್ವನಿಗೇ ಹೋಗುತ್ತಿತ್ತು. ಅದು ಅಂಚಿನವರೆಗೆ ತುಂಬಿರುತ್ತಿತ್ತು, ಗೋಪುರದ ಹಾಗೆ ಮೇಲಕ್ಕೂ ಎದ್ದಿರುತ್ತಿತ್ತು. ಅವ್ವನ ಮನಸ್ಸಿನಲ್ಲಿ ಲೆಕ್ಕ ಸರಿಯಾಗಿತ್ತು.

ಎರಡು ಸಂಸಾರಗಳ ನಡುವೆ ಒಂದು ಬಾಗಿಲಿತ್ತು, ನಮ್ಮ ನಡುಮನೆಯಿಂದ ಚಿಕ್ಕವ್ವನ ಅಡುಗೆಮನೆಗೆ. ಅದಕ್ಕೆ ಕದವಿರಲಿಲ್ಲ, ಬರೀ ಚೌಕಟ್ಟು. ನಾನು ಇವತ್ತು ಏನಾಗಿದ್ದೇನೋ ಅದು ಆ ಚೌಕಟ್ಟು ದಾಟಿದ್ದರಿಂದ ಆದದ್ದು ಎಂದು ಹೇಳಲು ನನಗೆ ಸಂಕೋಚವಿಲ್ಲ. ಚಿಕ್ಕವ್ವ ಮಳವಳ್ಳಿ ಪೇಟೆಯ ಹೆಣ್ಣು, ಎಸ್ಸೆಸ್ಸೆಲ್ಸಿ ಮುಗಿಸಿ ಬಂದವಳು. ನಮ್ಮ ಮನೆಯ ಹೆಂಗಸರಲ್ಲಿ ಓದು ಬಂದದ್ದು ಅವಳೊಬ್ಬಳಿಗೇ. ಸಂಜೆ ಕರೆಂಟು ಇದ್ದರೆ ಅವಳ ಬಲ್ಬಿನ ಕೆಳಗೆ, ಇಲ್ಲದಿದ್ದರೆ ಒಲೆಯ ಬೆಳಕಿನಲ್ಲಿ, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನನ್ನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ತಪ್ಪಿದರೆ ಕಿವಿ ಹಿಂಡುತ್ತಿದ್ದಳು, ಸರಿಯಾದರೆ ಹುರಿಗಡಲೆ. ಅವ್ವನಿಗೆ ಇದು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಆದರೂ ಬೇಡವೆನ್ನಲಿಲ್ಲ. ಪಾಲಾದ ಮೇಲೆ ಚಿಕ್ಕಪ್ಪ ಒಂದು ಗಾಡಿ ಇಟ್ಟಿಗೆ ತಂದು ಹಿತ್ತಲಲ್ಲಿ ಒಟ್ಟಿದ. ಇನ್ನೊಂದು ಜಗಳವಾದರೆ ಬಾಗಿಲು ಮುಚ್ಚಿಸುವುದೇ ಸೈ ಎಂದು ತಾತ ಹೇಳಿದ್ದ. ಸ್ಕೂಲಿಗೆ ಹೋಗುವಾಗಲೂ ಬರುವಾಗಲೂ ನಾನು ಆ ಇಟ್ಟಿಗೆಗಳನ್ನು ನೋಡುತ್ತಿದ್ದೆ. ಅವು ಕಡಿಮೆಯಾಗಿಲ್ಲ ತಾನೇ ಎಂದು ಭಯ.

ಕೂಸು ಮೈ ಹಿಡಿಯಲಿಲ್ಲ. ಚಿಕ್ಕವ್ವ ತನ್ನ ಅಡುಗೆಮನೆಯಲ್ಲಿ ಮುಚ್ಚಳ ತೆಗೆದಾಗಲೆಲ್ಲ ಚೊಂಬಿನಲ್ಲಿ ಹಾಲು ಇಳಿದಿರುವುದನ್ನು ಕಂಡಿದ್ದಳು. ಒಂದು ಸಂಜೆ ಅವ್ವ ಕೊನೆಯ ಚೊಂಬನ್ನು ನೊರೆಯೇಳುವಂತೆ ತುಂಬಿ ಅವಳ ಕೈಗಿಟ್ಟಾಗ, ಅವಳು ಎಂದಿನಂತೆ ಒಳಗೆ ಹೋಗಲಿಲ್ಲ. ಬಾಗಿಲ ಚೌಕಟ್ಟಿನಲ್ಲೇ ನಿಂತು, ಚೊಂಬನ್ನು ಬಾಯಿಯ ಹತ್ತಿರ ತಂದು, ಫೂ ಎಂದು ಊದಿದಳು. ನೊರೆ ಹಾರಿ ನೆಲಕ್ಕೆ ಬಿತ್ತು. ಚೊಂಬನ್ನು ಓರೆ ಮಾಡಿ ಎಲ್ಲರಿಗೂ ತೋರಿಸಿದಳು.

“ನೋಡಿ ಅಕ್ಕಯ್ಯ, ಅರ್ಧಕ್ಕೆ ಅರ್ಧ ಇಲ್ಲ. ನನ್ನ ಕೂಸಿಗೆ ದಿನಾ ಗಾಳಿ ಕುಡಿಸ್ತಿದ್ದೀನಿ ನಾನು.”

“ಏನಂದೆ? ನಾನ್ ಗಾಳಿ ಕೊಟ್ಟೆ ಅಂತೀಯಾ? ಚೊಂಬು ತುಂಬಿ ಸುರಿತಿತ್ತಲ್ಲ, ಕಣ್ ಕಾಣ್ದಾ ನಿಂಗೆ?” ಎಂದು ಅವ್ವ ಪಾತ್ರೆ ಕುಕ್ಕಿದಳು.

ಅಜ್ಜಿ ಮಾತ್ರ ಇಬ್ಬರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಅವಳು ನೋಡಿದ್ದು ಊದಿದ್ದನ್ನು. ಬಾಯಿ ಹಾಕಿ ಊದಿದ ಮೇಲೆ ಅದು ಎಂಜಲು, ಒಂದೇ ಪಾತ್ರೆಯ ಹಾಲಾದ್ದರಿಂದ ನಮ್ಮ ಪಾಲೂ ಎಂಜಲು, ಅದರ ಮೇಲೆ ನೊರೆಯನ್ನು ಹೊಸಲಿನಲ್ಲೇ ಕೊಂದದ್ದಾಯಿತು.

“ಅಯ್ಯೋ ಆಲ್ನ ಉಸ್ರು ಕಿತ್ಬುಟ್ಲಲ್ಲಪ್ಪೋ! ಈ ಆಲು ಮನೆ ಒಳೀಕೆ ಬರಂಗಿಲ್ಲ. ಕರೂಗೆ ಉಯ್ಯಿ, ಕೆಂಪಿ.”

ಕೆಂಪಿ ಎಂದರೆ ನನ್ನ ಅವ್ವ, ಕೆಂಪಮ್ಮ. ಅವಳು ಅಷ್ಟೂ ಹಾಲನ್ನು ಚೆನ್ನಿಯ ಕರುವಿನ ಮುಂದೆ ಸುರಿದಳು. ಆ ರಾತ್ರಿ ಕೂಸಿಗೆ ಅಕ್ಕಿ ಗಂಜಿಯ ತಿಳಿ. ಅದು ಬೇಡವೆಂದು ಅಳುತ್ತಿದ್ದುದು ನಮ್ಮ ನಡುಮನೆಗೂ ಕೇಳುತ್ತಿತ್ತು. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ನಿದ್ದೆ ಮಾಡಿರಲಿಲ್ಲ.

ಬೆಳಿಗ್ಗೆ ನಾನು ಬ್ಯಾಗು ಹೆಗಲಿಗೇರಿಸುವಾಗ ಗಾರೆ ಕೆಲಸದ ಸಿದ್ದಣ್ಣ ಇಟ್ಟಿಗೆಗಳಿಗೆ ನೀರು ಹಾಕುತ್ತಿದ್ದ. ತಾತ ಜಗಲಿಯಲ್ಲಿ ಬೀಡಿ ಹಚ್ಚಿಕೊಂಡು ಕೂತಿದ್ದ. ತಾತನಿಗೆ ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ, ಆದರೆ ಸ್ಕೂಲಿನಲ್ಲಿ ಹೇಳಿದ್ದೆಲ್ಲ ಸರ್ಕಾರದ ಆರ್ಡರು ಎಂಬ ನಂಬಿಕೆಯಿತ್ತು. ನನ್ನನ್ನು ಹತ್ತಿರ ಕರೆದ.

“ನಿಮ್ ಇಸ್ಕೂಲ್ ಮೇಷ್ಟ್ರ ಕೇಳ್ಕಂಡು ಬಾ ಅಮ್ಮಿ. ನೊರೆ ಅಂದ್ರೆ ಆಲೋ, ಗಾಳಿಯೋ. ಆಲು ಅಂದ್ರೆ ರತ್ನ ಸುಳ್ಳು ಏಳವ್ಳೆ. ಗಾಳಿ ಅಂದ್ರೆ ನಿಮ್ಮವ್ವ ಮೋಸ ಮಾಡವ್ಳೆ. ಯಾರದು ತಪ್ಪು ಅಂತ ಗೊತ್ತಾಗ್ಲಿ.”

“ಗೊತ್ತಾದ್ರೆ ಗೋಡೆ ಬೇಡ್ವಾ ತಾತ?”

“ಗ್ವಾಡೆ ಎಂಗಿದ್ರೂ ಏಳ್ತದೆ. ಸುಳ್ಳು ಏಳೋರ ಜೊತೆ ನಿಮ್ಮಪ್ಪ ಇರಕಿಲ್ಲ, ಮೋಸ ಮಾಡೋರ ಜೊತೆ ನಿಮ್ ಚಿಕ್ಕಪ್ಪ ಇರಕಿಲ್ಲ.”

ಸ್ಕೂಲಿದ್ದ ಕೊಪ್ಪದ ದಾರಿಯುದ್ದಕ್ಕೂ ನಾನು ಅದನ್ನೇ ತಿರುವಿ ಹಾಕಿದೆ. ಮೇಷ್ಟ್ರು ಹಾಲು ಎಂದರೂ ಗೋಡೆ, ಗಾಳಿ ಎಂದರೂ ಗೋಡೆ. ದೊಡ್ಡಿಯ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ತುಂಬಿಕೊಂಡು ಹೋಗುವ ಲಾರಿಗಳು ಪಕ್ಕದಲ್ಲೇ ಧೂಳೆಬ್ಬಿಸುತ್ತಿದ್ದವು, ಬೇರೆ ದಿನವಾಗಿದ್ದರೆ ಹಿಂದೆ ಓಡಿ ಒಂದು ಜಲ್ಲೆ ಎಳೆಯದೆ ಬಿಡುತ್ತಿರಲಿಲ್ಲ. ಗದ್ದೆಯ ಮೇಲೆ ಇನ್ನೂ ಮಂಜಿತ್ತು.

ವಿಜ್ಞಾನದ ಮೇಷ್ಟ್ರು ಮಳವಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು, ಬಸ್ಸು ತಡವಾದ ದಿನ ಅವರ ಸಿಟ್ಟು ನಮ್ಮ ಮೇಲೆ. ಅವತ್ತು ತಡವಾಗಿತ್ತು. ದ್ರವ್ಯದ ಸ್ಥಿತಿಗಳು ಪಾಠ ಹಿಂದಿನ ವಾರವೇ ಆಗಿದ್ದರೂ ನಾನು ಎದ್ದು ನಿಂತು ಕೇಳಿಯೇಬಿಟ್ಟೆ. ಬೋರ್ಡಿನ ಮೂಲೆಯಲ್ಲಿ ಅವರು ಎಳೆದಿದ್ದ ಮೂರು ಮನೆಗಳು ಇನ್ನೂ ಅಳಿಸಿರಲಿಲ್ಲ: ಘನ, ದ್ರವ, ಅನಿಲ. ನೊರೆ ಯಾವ ಮನೆಗೆ ಸಾರ್ ಎಂದೆ. ಕ್ಲಾಸಿಗೆ ಕ್ಲಾಸೇ ಎದ್ದಿತು. ಹರಿಯುತ್ತದೆ, ದ್ರವ ಎಂದರು ಕೆಲವರು. ಊದಿದರೆ ಹಾರುತ್ತದೆ, ಅನಿಲ ಎಂದರು ಇನ್ನು ಕೆಲವರು. ಸೌಟಿನಲ್ಲಿ ತೆಗೆದರೆ ಗುಡ್ಡೆ ನಿಲ್ಲುತ್ತದಲ್ಲ, ಘನ ಎಂದಳು ನನ್ನ ಪಕ್ಕದವಳು. ಮೇಷ್ಟ್ರು ಡಸ್ಟರು ಕುಟ್ಟಿ ಎಲ್ಲರನ್ನೂ ಕೂರಿಸಿದರು, ಪುಸ್ತಕದಲ್ಲಿಲ್ಲದ್ದು ಕೇಳಬೇಡ ಎಂದು ನನ್ನನ್ನು ಗದರಿದರು. ನನಗೆ ಅಳು ತಡೆಯಲಾಗಲಿಲ್ಲ. ಊಟದ ಬೆಲ್ಲು ಹೊಡೆದ ಮೇಲೆ ಅವರೇ ಕರೆದು, ಏನು ಸಮಾಚಾರ ಎಂದರು. ನಾನು ಎಲ್ಲ ಹೇಳಿದೆ, ಇಟ್ಟಿಗೆಯನ್ನೂ ಬಿಡಲಿಲ್ಲ.

“ಅಲ್ವೇ, ನಿಮ್ಮನೇಲಿ ಮುದ್ದೆ ಉಣ್ತೀರಲ್ಲ, ಅದು ಘನವೋ ದ್ರವವೋ?” ಎಂದರು.

“ಘನ ಸಾರ್.”

“ಹಂಗಾದ್ರೆ ಅಗೀದೆ ಹೆಂಗೆ ನುಂಗ್ತೀಯ? ಮೂರು ಮನೆ ಎಳೆದಿದ್ದು ನಿಮಗೆ ಬರ್ಕೊಳ್ಳೋಕೆ ಸುಲಭ ಆಗ್ಲಿ ಅಂತ. ಎಲ್ಲಾನೂ ಅದ್ರೊಳಗೆ ಕೂರಲ್ಲ. ನೊರೇಲಿ ಗಾಳಿ ಇದೆ, ಅದರ ಸುತ್ತ ಹಾಲಿನ ಪೊರೆ ಇದೆ. ಗಾಳಿ ಹಾಲಲ್ಲಿ ಕರಗಿಲ್ಲ, ಬಿಟ್ಟೂ ಹೋಗಿಲ್ಲ. ಬೆಳಿಗ್ಗೆ ಮಂಜು ನೋಡ್ದ್ಯಲ್ಲ, ಅದು ಇದರ ಉಲ್ಟಾ. ಗಾಳೀಲಿ ನೀರಿನ ಹನಿ. ಮೊಸರು, ಬೆಣ್ಣೆ, ಎಲ್ಲ ಇದೇ ಜಾತಿ. ಕಲಿಲ ಅಂತಾರೆ. ಅಷ್ಟೇ ಯಾಕೆ, ಹಾಲೇ ಒಂದು ಕಲಿಲ. ನೀರಲ್ಲಿ ಜಿಡ್ಡು, ಕಣ್ಣಿಗೆ ಕಾಣದಷ್ಟು ಸಣ್ಣ ಹನಿ.”

“ಹಂಗಾದ್ರೆ ತಾತನಿಗೆ ಏನಂತ ಹೇಳ್ಲಿ ಸಾರ್?”

ಅವರು ಊಟದ ಡಬ್ಬಿ ಮುಚ್ಚಿದರು. “ನೊರೆ ಪೂರ್ತಿ ಆರೋವರೆಗೂ ನೋಡ್ರಿ ಅನ್ನು. ಅದೇ ಹೇಳ್ತದೆ,” ಎಂದು ಕೈ ತೊಳೆಯಲು ಹೋದರು.

ಅವರಿಗೇನು, ಹೇಳಿ ಕೈ ತೊಳೆದರು. ನಮ್ಮ ಮನೆಯಲ್ಲಿ ಅದೊಂದನ್ನು ಮಾತ್ರ ಮಾಡುವಂತಿರಲಿಲ್ಲ.

ನಾನು ಮನೆ ಸೇರುವ ಹೊತ್ತಿಗೆ ಚೌಕಟ್ಟಿನ ನಡುವೆ ಗೋಡೆ ನನ್ನ ಮೊಣಕಾಲಿನ ಮಟ್ಟಕ್ಕೆ ಬಂದಿತ್ತು. ಮಧ್ಯಾಹ್ನದ ಮೇಲೆ ಕೆಲಸ ಹಿಡಿದಿದ್ದ ಸಿದ್ದಣ್ಣ ಕತ್ತಲಾಗುವುದರೊಳಗೆ ಮುಗಿಸಿಬಿಡುವ ಆತುರದಲ್ಲಿ ಉಳಿದ ಸಿಮೆಂಟನ್ನೆಲ್ಲ ಒಟ್ಟಿಗೇ ಕಲಸಿಕೊಂಡು ಬಾಂಡಲಿಯ ತುಂಬ ಇಟ್ಟುಕೊಂಡಿದ್ದ. ಗೋಡೆಯ ಆಚೆ ಚಿಕ್ಕವ್ವ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಅವ್ವ ಎಮ್ಮೆ ಕರೆದು ಪಾತ್ರೆ ತಂದು ಗೋಡೆಯ ಈಚೆ ಇಟ್ಟಳು. ಅಪ್ಪ, ಚಿಕ್ಕಪ್ಪ, ತಾತ, ಅಜ್ಜಿ, ಎಲ್ಲರೂ ಅಲ್ಲೇ. ಪಾತ್ರೆಯಲ್ಲಿ ನೊರೆ ಬೆಳ್ಳಗೆ ತುಂಬಿಕೊಂಡಿತ್ತು.

“ಏನಂದ್ರು ಮೇಷ್ಟ್ರು?” ತಾತ ಕೇಳಿದ.

ನಾನು ಬ್ಯಾಗು ಇಳಿಸಿದೆ. “ಹಾಲೂ ಅಲ್ವಂತೆ, ಗಾಳಿಯೂ ಅಲ್ವಂತೆ. ಎರಡೂ ಸೇರಿರೋದಂತೆ.”

“ಇದೇನಮ್ಮಿ, ಲಾಯರ್ ಮಾತು! ಒಂದ್ ಕಡೀಕ್ ಏಳು,” ಎಂದು ಅಪ್ಪ ರೇಗಿದ.

“ಸೇರಿದ್ರೆ ಆಲೆಷ್ಟು, ಗಾಳಿ ಎಷ್ಟು? ಅದ್ನ ಏಳ್ಳಿ,” ಎಂದ ಚಿಕ್ಕಪ್ಪ.

“ಆರೋವರೆಗೂ ನೋಡ್ಬೇಕಂತೆ,” ಎಂದುಬಿಟ್ಟೆ.

ಅಜ್ಜಿ ಎದೆಗೆ ಕೈ ಕೊಟ್ಟುಕೊಂಡಳು. ಈ ಮನೆಯಲ್ಲಿ ನೊರೆ ಆರುವುದನ್ನು ಕೂತು ನೋಡುವುದೆಂದರೆ ಹೆಣದ ಮುಂದೆ ಕೂತಂತೆ ಎಂದಳು, ತಾನು ಬದುಕಿರುವವರೆಗೆ ಆಗದು ಎಂದಳು. ತಾತ ಅಜ್ಜಿಯ ಮುಖ ನೋಡಿದ, ನನ್ನ ಮುಖ ನೋಡಿದ. ಸಿದ್ದಣ್ಣ ಕರಣೆಯನ್ನು ಬಾಂಡಲಿಗೆ ಬಡಿದು, ಬುದ್ಧೀ, ಇಡ್ಲಾ ಬ್ಯಾಡ್ವಾ ಎಂದ. ಇಡು ಎಂದು ಅಪ್ಪ ಬಾಯಿ ತೆರೆದದ್ದನ್ನು ನಾನು ಕಂಡೆ. ಅಷ್ಟರಲ್ಲಿ ಚಿಕ್ಕವ್ವ ಒಳಗೆ ಹೋಗಿ, ತವರಿನಿಂದ ತಂದಿದ್ದ ಗಾಜಿನ ಲೋಟ ತಂದು, ಇನ್ನೂ ಹಸಿಯಾಗಿದ್ದ ಗೋಡೆಯ ಮೇಲೆ ಇಟ್ಟಳು. ಯಾರೂ ಅದನ್ನು ಮುಟ್ಟಲಿಲ್ಲ. ಮುಟ್ಟಿದ್ದು ಅವ್ವ. ಸೌಟಿನಲ್ಲಿ ಬರೀ ನೊರೆಯನ್ನಷ್ಟೇ ಬಾಚಿ ಲೋಟದ ಅಂಚಿನವರೆಗೆ ತುಂಬಿದಳು. ಅತ್ತೆಯ ಮಾತನ್ನು ಅವಳು ಮೀರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನೋಡ್ಲಿ ಅತ್ತೆ. ನಾನ್ ಕಳ್ಳಿ ಅಲ್ಲ. ಎಲ್ಲಾರೂ ನೋಡ್ಲಿ,” ಎಂದಳು.

ಅಜ್ಜಿ ಬೆನ್ನು ತಿರುಗಿಸಿ ಕೂತಳು. ಉಳಿದವರು ಗೋಡೆಯ ಆಚೆ ಈಚೆ ಕುಕ್ಕರಗಾಲಿನಲ್ಲಿ ಕೂತೆವು. ಪಾಲಾದ ಮೇಲೆ ನಾವೆಲ್ಲ ಒಂದೆಡೆ ಕೂತದ್ದೇ ಇರಲಿಲ್ಲ. ನೊರೆ ಏನೂ ಆಗದಂತೆ ಇತ್ತು. ಅವ್ವನ ಮುಖದಲ್ಲಿ ಗೆಲುವು ಬಂತು. ಆಮೇಲೆ ನೋಡಿದರೆ ಒಳಗೆಲ್ಲ ಸಣ್ಣಗೆ ಏನೋ ನಡೆಯುತ್ತಿತ್ತು. ಸಣ್ಣ ಗುಳ್ಳೆ ದೊಡ್ಡ ಗುಳ್ಳೆಯೊಳಗೆ ಸೇರಿಕೊಂಡು ಕಾಣೆಯಾಗುತ್ತಿತ್ತು, ದೊಡ್ಡದು ಉಬ್ಬಿ ಪಟ್ಟೆಂದು ಒಡೆಯುತ್ತಿತ್ತು. ತಳದಲ್ಲಿ ಬಿಳಿಯ ಗೆರೆಯೊಂದು ಕಾಣಿಸಿತು. ಚಿಕ್ಕಪ್ಪ ಮೂಗಿನಲ್ಲಿ ಉಸಿರು ಬಿಟ್ಟ, ಎಲ್ಲರೂ ಅವನನ್ನು ತಿರುಗಿ ನೋಡಿದರು, ಊದಿದನೇನೋ ಎಂದು. ಕೂಸು ಹಸಿವಿಗೆ ಕಿರುಗುಟ್ಟಲು ಶುರುಮಾಡಿತು. ನಿನ್ನೆ ಸಂಜೆಯಿಂದ ಅದಕ್ಕೆ ಸರಿಯಾಗಿ ಏನೂ ಸಿಕ್ಕಿರಲಿಲ್ಲ. ಪಾತ್ರೆಯ ತುಂಬ ಹಾಲು ಎದುರಿಗಿದ್ದರೂ ಹಂಚದೆ ಮುಟ್ಟುವಂತಿರಲಿಲ್ಲ. ಚಿಕ್ಕವ್ವ ಅದನ್ನು ತೂಗುತ್ತಲೇ ಲೋಟದಿಂದ ಕಣ್ಣು ತೆಗೆಯದೆ ಕೂತಿದ್ದಳು. ನನಗೆ ಆ ಗುಳ್ಳೆಗಳನ್ನೆಲ್ಲ ಬೆರಳು ಹಾಕಿ ಒಡೆದುಬಿಡಬೇಕು ಅನ್ನಿಸುತ್ತಿತ್ತು.

“ಬುದ್ಧೀ, ಸಿಮೆಂಟು ಬಿಗಿಯಾಗ್ತಾ ಅದೆ,” ಎಂದ ಸಿದ್ದಣ್ಣ.

“ಕೂತ್ಕಳ್ಲಾ,” ಎಂದ ತಾತ.

ಮೇಲಿನ ನೊರೆ ಜೇಡರ ಬಲೆಯ ಹಾಗೆ ತೆಳ್ಳಗಾಗಿ ಗಾಜಿಗೆ ಅಂಟಿತು, ಆಮೇಲೆ ಅದೂ ಹರಿಯಿತು. ಲೋಟದ ತಳದಲ್ಲಿ ಕಿರುಬೆರಳು ಅಡ್ಡ ಇಟ್ಟಷ್ಟು ಹಾಲು ಉಳಿದಿತ್ತು. ಏನೂ ಇಲ್ಲವೆನ್ನುವಂತಿಲ್ಲ, ಒಂದು ಲೋಟವೆನ್ನುವಂತೆ ಮೊದಲೇ ಇಲ್ಲ. ಇಷ್ಟೇ ನೋಡಿ ಎಂದು ಚಿಕ್ಕಪ್ಪ ಎದ್ದ. ಇಷ್ಟಾದರೂ ಇದೆಯಲ್ಲ, ಗಾಳಿ ಅಂದೆಯಲ್ಲ ಎಂದು ಅಪ್ಪನೂ ಎದ್ದ. ಮತ್ತೆ ಅದೇ ಶುರುವಾಗುವುದರಲ್ಲಿತ್ತು.

ಅವ್ವ ಏಳಲಿಲ್ಲ. ಲೋಟವನ್ನು ಕೈಗೆತ್ತಿಕೊಂಡು, ಅದರ ತಳವನ್ನು ದೀಪಕ್ಕೆ ಹಿಡಿದು, ತುಂಬ ಹೊತ್ತು ನೋಡಿದಳು.

“ನಾನ್ ಕಂಡಿರ್ನಿಲ್ಲ ಕಣೆ ರತ್ನ,” ಎಂದಳು. “ನಾನೀ ಮನೆಗೆ ಬಂದ್ಮ್ಯಾಕೆ ನೊರೆ ಆರಿದ್ನ ಒಂದಿನಾನೂ ಕಂಡಿಲ್ಲ. ತುಂಬೈತೆ ಅಂತ್ಲೇ ಕೊಟ್ಟೆ. ಕೂಸಿನ ಮ್ಯಾಲಾಣೆ.”

ಚಿಕ್ಕವ್ವನ ಕಣ್ಣು ತುಂಬಿ ಬಂತು. “ಗೊತ್ತಾಯ್ತು ಅಕ್ಕಯ್ಯ. ನಾನು ಕೇಳ್ಬೋದಿತ್ತು. ಊದಬಾರ್ದಿತ್ತು.”

ಅವ್ವ ಸೀರೆಯ ನೆರಿಗೆ ಎತ್ತಿ ಗೋಡೆ ದಾಟಿದಳು. ಚಿಕ್ಕವ್ವನ ಗೂಡಿನಲ್ಲಿದ್ದ, ಕೂಸಿಗೆ ಹಾಲು ಕುಡಿಸುವ ಒಳಲೆಯನ್ನು ತೆಗೆದುಕೊಂಡು ಒಲೆಯ ಹತ್ತಿರ ಹೋದಳು. ಲೋಟದಲ್ಲಿದ್ದ ಹಾಲನ್ನೂ, ಪಾತ್ರೆಯಿಂದ ಅಳತೆಯಿಲ್ಲದೆ ಬಗ್ಗಿಸಿಕೊಂಡದ್ದನ್ನೂ ಸೇರಿಸಿ ಕಾಯಿಸಿ, ಆರಿಸಿ, ಕೂಸನ್ನು ತನ್ನ ಕಾಲ ಮೇಲೆ ಹಾಕಿಕೊಂಡು ಕುಡಿಸಿದಳು. ಅದು ಗುಟುಕು ಗುಟುಕಾಗಿ ನುಂಗುವ ಸದ್ದಿಗೆ ಅಪ್ಪನೂ ಚಿಕ್ಕಪ್ಪನೂ ಬಾಯಿ ಮುಚ್ಚಿಕೊಂಡರು. ಸಿದ್ದಣ್ಣ ಬಾಂಡಲಿಗೆ ಕರಣೆ ಚುಚ್ಚಿದ, ಅದು ಇಳಿಯಲಿಲ್ಲ. ಸಿಮೆಂಟು ಕಲ್ಲಾಗಿತ್ತು. ಅವನು ಅದನ್ನು ಹಿತ್ತಲಿಗೆ ಒಯ್ದು ಕವುಚಿ, ಶಾಪ ಹಾಕುತ್ತ ಬಂದ. ನಾಳೆ ನೋಡಾನ ಬುಡು ಎಂದ ತಾತ. ಮಾರನೆಯ ದಿನ ಅವನನ್ನು ಯಾರೂ ಕರೆಯಲಿಲ್ಲ, ಅದರ ಮಾರನೆಯ ದಿನವೂ ಕರೆಯಲಿಲ್ಲ.

ಅಂದಿನಿಂದ ಹಾಲಿನ ಪಾತ್ರೆ ಆ ಮೋಟು ಗೋಡೆಯ ಮೇಲೆ ಕೂತು, ನೊರೆ ಆರಿದ ಮೇಲೇ ಅಳತೆ. ಅಜ್ಜಿ ಸಾಯುವವರೆಗೂ ಆ ಹೊತ್ತಿಗೆ ಬೆನ್ನು ತಿರುಗಿಸಿಯೇ ಕೂರುತ್ತಿದ್ದಳು. ನೊರೆ ಆರುವ ತನಕ ಅವ್ವನಿಗೂ ಚಿಕ್ಕವ್ವನಿಗೂ ಮಾಡಲು ಬೇರೆ ಕೆಲಸವಿಲ್ಲದ್ದರಿಂದ ಮಾತಾಡಬೇಕಾಗುತ್ತಿತ್ತು. ಜಗಳವನ್ನೂ ಅಲ್ಲೇ ಆಡಿದರು, ನನ್ನ ಓದು ನಿಲ್ಲಿಸಬಾರದೆಂದೂ ಅಲ್ಲೇ ಕೂತು ತೀರ್ಮಾನಿಸಿದರು. ನಾನು ಮುಂದೆ ಭಾರತೀನಗರದಲ್ಲಿ ವಿಜ್ಞಾನದ ಮೇಡಮ್ಮಾಗಿ ಎಷ್ಟೋ ವರ್ಷ ಬೋರ್ಡಿನ ಮೇಲೆ ಅದೇ ಮೂರು ಮನೆ ಎಳೆದೆ. ಎಳೆದ ಮೇಲೆ ಮಕ್ಕಳ ಕಡೆ ತಿರುಗಿ, ಇದರೊಳಗೆ ಕೂರದ್ದು ಏನಾದರೂ ನಿಮ್ಮ ಮನೆಯಲ್ಲಿದೆಯೇ ಎಂದು ಕೇಳದೆ ಬಿಟ್ಟದ್ದಿಲ್ಲ.

ಕಳೆದ ತಿಂಗಳು ಮನೆಗೆ ಟೈಲ್ಸು ಹಾಕಿಸಿದೆವು. ಅವತ್ತಿನ ಆ ಕೂಸು ಶೋಭ, ಈಗ ಅವಳ ಮಗಳೇ ಕಾಲೇಜಿಗೆ ಹೋಗುತ್ತಾಳೆ, ಶೋಭಳೇ ಮುಂದೆ ನಿಂತು ಕೆಲಸ ಮಾಡಿಸುತ್ತಿದ್ದಳು. ಮದ್ದೂರಿನಿಂದ ಬಂದ ಮೇಸ್ತ್ರಿ ನಡುಮನೆಗೆ ಬಂದವನೇ ಎಡವಿದ. ಮೋಟು ಗೋಡೆಯ ಮೇಲೆ ಅವ್ವ ಈಚೆ ಕಾಲು ಇಳಿಬಿಟ್ಟು, ಚಿಕ್ಕವ್ವ ಆಚೆ ಕಾಲು ಇಳಿಬಿಟ್ಟು ಕೂತು, ಹಿಂದಿನ ದಿನದ ಸೀರಿಯಲ್ಲಿನ ಸೊಸೆಯ ವಿಷಯಕ್ಕೆ ಕಿತ್ತಾಡುತ್ತಿದ್ದರು. ಮೇಸ್ತ್ರಿ ಕಾಲು ಉಜ್ಜಿಕೊಳ್ಳುತ್ತ ಶೋಭಳನ್ನು ಕೇಳಿದ.

“ಇದೇನಕ್ಕ, ಬಾಗ್ಲೋ ಗ್ವಾಡೆಯೋ? ಬಾಗ್ಲಾದ್ರೆ ಒಡ್ದಾಕ್ತೀನಿ, ಗ್ವಾಡೆಯಾದ್ರೆ ಏರಿಸ್ತೀನಿ. ಒಂದ್ ಏಳಿ.”

ಶೋಭ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಅವ್ವ ತಿರುಗಿದಳು.

“ಎಲ್ಡೂ ಅಲ್ಲ ಕಣಪ್ಪ,” ಎಂದಳು. “ನೀನ್ ಸುಮ್ಕೆ ದಾಟ್ಕಂಡು ಓಗು.”